ಘಟ್ಟದ ಕಡೆಯಿಂದ ಕಂಡ ಗೋವಾ

ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ವಾಸ್ಕೋಗೆ ಹೋಗುವ ರೈಲು ಉತ್ತರ ಕನ್ನಡದ ಕ್ಯಾಸಲ್‌ರಾಕ್ ನಿಲ್ದಾಣ ಬಿಟ್ಟ ಮೇಲೆ ಒಂದರ ಹಿಂದೊಂದು ಸುರಂಗ ಹಾಯುತ್ತ ಘಟ್ಟವಿಳಿದು ಕುಳೆಂ ತಲುಪುವವರೆಗೆ ಕಿಟಕಿಯ ಎರಡೂ ಬದಿಗೆ ಕಾಡಲ್ಲದೆ ಬೇರೇನೂ ಕಾಣುವುದಿಲ್ಲ. ಸುಮಾರು 310 ಮೀಟರ್ ಎತ್ತರದಿಂದ ಹಂತಹಂತವಾಗಿ ಇಳಿಯುವ ದೂಧಸಾಗರ ಜಲಪಾತ ಈ ಹಾದಿಯಲ್ಲೇ ಇದೆ. ಹೆಚ್ಚಿನ ಪ್ರವಾಸಿಗರ ಮನಸ್ಸಿನಲ್ಲಿರುವ ಗೋವಾ ಮಾತ್ರ ಕಲಂಗುಟ್‌ನಿಂದ ಕೋಲ್ವಾವರೆಗಿನ ಮರಳಿನ ಪಟ್ಟಿ. ಕಾಡು ಆ ಚಿತ್ರದಲ್ಲಿ ಬರುವುದು ಕಡಿಮೆ. ಈ ಪುಟ್ಟ ರಾಜ್ಯದ ಚರಿತ್ರೆ, ಅದರ ಊರುಗಳು, ರಾಜಕೀಯ ಮತ್ತು ಇಂದಿನ ವ್ಯಾಜ್ಯಗಳು ಸರಿಯಾಗಿ ಅರ್ಥವಾಗಬೇಕಾದರೆ ಘಟ್ಟದ ಕಡೆಯಿಂದ ನೋಡುತ್ತ ಬರುವುದೇ ಅನುಕೂಲ ಎಂಬುದು ಈ ಲೇಖನದ ವಾದ. ಕರಾವಳಿಯ ಗೋವಾ ಮತ್ತು ಕಾಡಿನ ಗೋವಾ ಎಂಬ ಎರಡು ನಾಡುಗಳು ಒಂದೇ ಆಡಳಿತದಡಿ ಬಂದದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಷ್ಟೇ. ಅವುಗಳ ನಡುವಿನ ಗೆರೆ ಇನ್ನೂ ಪೂರ್ತಿ ಅಳಿಸಿಹೋಗಿಲ್ಲ.

ಗೋವಾದ ವಿಸ್ತೀರ್ಣ 3,702 ಚದರ ಕಿಲೋಮೀಟರ್; ವಿಸ್ತೀರ್ಣದಲ್ಲಿ ದೇಶದ ಅತಿ ಚಿಕ್ಕ ರಾಜ್ಯ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 14.58 ಲಕ್ಷ. ಗೋಡಂಬಿ, ಅಡಿಕೆ, ತೆಂಗಿನ ತೋಟಗಳನ್ನೂ ಲೆಕ್ಕಕ್ಕೆ ಹಿಡಿದರೆ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಮರಗಳ ನೆರಳಿನಲ್ಲಿದೆ. ಪೂರ್ವದ ಅಂಚಿನಲ್ಲಿ ಸಹ್ಯಾದ್ರಿಯ ಗೋಡೆ ನಿಂತಿದೆ. ಅದರ ಅತಿ ಎತ್ತರದ ಶಿಖರ ಸೊನ್ಸೊಗೊರ್ ಸಾವಿರ ಮೀಟರ್ ದಾಟುತ್ತದೆ. ಈ ಅಂಚಿನುದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಮ್ಹಾದೆಯಿ, ಭಗವಾನ್ ಮಹಾವೀರ, ನೇತ್ರಾವಳಿ, ಖೋತಿಗಾಂವ ವನ್ಯಜೀವಿಧಾಮಗಳು ಒಂದಕ್ಕೊಂದು ತಾಗಿಕೊಂಡಂತೆ ಹಬ್ಬಿದ್ದು, ಆಚೆ ಬದಿಯಲ್ಲಿ ನಮ್ಮ ಭೀಮಗಡ ಮತ್ತು ಕಾಳಿ ಕಾಡುಗಳಿಗೆ ಕೂಡಿಕೊಳ್ಳುತ್ತವೆ. ಗಡಿ ಇರುವುದು ನಕ್ಷೆಯಲ್ಲಿ. ಹುಲಿಗೂ ಕಾಟಿಗೂ ಇದು ಒಂದೇ ಕಾಡು.

ಘಟ್ಟದಿಂದ ಇಳಿಯುವ ನದಿಗಳು ಸಮುದ್ರ ಸೇರುವ ಮೊದಲು ಬಹಳ ದೂರ ಉಪ್ಪುನೀರಿನ ಅಳಿವೆಗಳಾಗಿ ಹರಡಿಕೊಳ್ಳುತ್ತವೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಗೋವಾದಲ್ಲಿ ಮಾಂಡವಿ ಎಂದು ಕರೆಸಿಕೊಳ್ಳುತ್ತದೆ. ದಕ್ಷಿಣಕ್ಕೆ ಜುವಾರಿ. ಇವೆರಡನ್ನೂ ಕುಂಭಾರಜುವೆ ಕಾಲುವೆ ಜೋಡಿಸುವುದರಿಂದ ಪಣಜಿ ಇರುವ ತಿಸವಾಡಿ ಭಾಗ ವಾಸ್ತವವಾಗಿ ನೀರಿನಿಂದ ಸುತ್ತುವರಿದ ದ್ವೀಪ. ಈ ನೀರೇ ಶತಮಾನಗಳ ಕಾಲ ರಾಜ್ಯಗಳ ಗಡಿಯಾಗಿತ್ತು. ಅದರಿಂದ ಏನೇನಾಯಿತು ಎಂಬುದು ಮುಂದೆ ಬರುತ್ತದೆ. ಅದಕ್ಕೂ ಮೊದಲು ಈ ಉಪ್ಪುನೀರಿನ ದಂಡೆಯಲ್ಲಿ ಜನ ನೆಲವನ್ನು ಪಡೆದುಕೊಂಡ ಬಗೆಯನ್ನು ನೋಡಬೇಕು, ಏಕೆಂದರೆ ಗೋವಾದ ಹಳ್ಳಿಯ ಸಂಘಟನೆ ಅಲ್ಲಿಂದಲೇ ಬೆಳೆದಿದೆ.

ಅಳಿವೆಯ ತಗ್ಗು ಭೂಮಿಗೆ ಗೋವಾದಲ್ಲಿ ಖಾಜನ್ ಎನ್ನುತ್ತಾರೆ. ಕುಮಟಾ ಭಾಗದ ಅಘನಾಶಿನಿ ದಂಡೆಯ ಗಜನಿ ಗದ್ದೆಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಭರತದ ಹೊತ್ತಿನಲ್ಲಿ ನದಿಯ ಮಟ್ಟಕ್ಕಿಂತ ಕೆಳಗಿರುವ ಈ ನೆಲವನ್ನು ಮಣ್ಣು, ಹುಲ್ಲು ಮತ್ತು ಜಂಬಿಟ್ಟಿಗೆ ಕಲ್ಲಿನ ಒಡ್ಡು ಕಟ್ಟಿ ಕಾಪಾಡುತ್ತಾರೆ. ಒಡ್ಡಿನ ಹೊರಮೈಗೆ ಕಾಂಡ್ಲಾ ಗಿಡಗಳು ಬೆಳೆದು ಅಲೆಯ ಹೊಡೆತವನ್ನು ತಡೆಯುತ್ತವೆ. ಒಡ್ಡಿನಲ್ಲಿ ಒಂದೆರಡು ಕಡೆ ಮಾನಸ್ ಎಂಬ ತೂಬು ಇರುತ್ತದೆ. ಅದರ ಮರದ ಕದಗಳು ನದಿಯ ಕಡೆಗೆ ಮಾತ್ರ ತೆರೆದುಕೊಳ್ಳುವಂತೆ ಕೂಡಿಸಿದವು. ನೀರು ಏರಿದಾಗ ಅದರ ಒತ್ತಡಕ್ಕೇ ಕದ ಮುಚ್ಚಿಕೊಳ್ಳುತ್ತದೆ. ಇಳಿದಾಗ ಗದ್ದೆಯಲ್ಲಿ ನಿಂತ ಮಳೆನೀರು ಕದವನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಯಂತ್ರವಿಲ್ಲ, ಕಾವಲುಗಾರ ಸದಾ ನಿಂತಿರಬೇಕೆಂದೂ ಇಲ್ಲ. ಮಳೆಗಾಲದಲ್ಲಿ ಉಪ್ಪನ್ನು ತಾಳಿಕೊಳ್ಳುವ ಕೊರ್ಗುಟ್ ಭತ್ತ ಬೆಳೆಯುತ್ತಾರೆ, ಅಘನಾಶಿನಿಯಲ್ಲಿ ಕಗ್ಗ ಬೆಳೆಯುವಂತೆ. ತೂಬಿನ ಬಾಯಿಗೆ ಬಲೆ ಕಟ್ಟಿ ಸಿಗಡಿ ಮತ್ತು ಮೀನು ಹಿಡಿಯುವ ಹಕ್ಕನ್ನು ಊರಿನವರು ಹರಾಜು ಹಾಕುತ್ತಾರೆ.

ಒಂದು ಕಡೆ ಒಡ್ಡು ಒಡೆದರೂ ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುವುದರಿಂದ ಈ ಕೆಲಸ ಒಬ್ಬೊಬ್ಬರಿಂದ ಆಗುವಂಥದ್ದಲ್ಲ. ಹಾಗಾಗಿ ಊರಿನ ಮೂಲ ಕುಟುಂಬಗಳ ಗಾಂವ್ಕರಿ ಎಂಬ ಸಂಸ್ಥೆ ಭೂಮಿಯನ್ನು ಸಾಮೂಹಿಕವಾಗಿ ಹಿಡಿದು, ಗೇಣಿಗೆ ಕೊಟ್ಟು, ಬಂದ ಆದಾಯದಲ್ಲಿ ಒಡ್ಡು, ದೇವಸ್ಥಾನ, ದಾರಿಗಳನ್ನು ನೋಡಿಕೊಳ್ಳುತ್ತಿತ್ತು. ಪೋರ್ಚುಗೀಸರು ಬಂದ ಮೇಲೂ ಈ ವ್ಯವಸ್ಥೆಯನ್ನು ಕೆಡವಲಿಲ್ಲ. ಕೊಮುನಿದಾದ್ ಎಂಬ ಹೆಸರಿನಲ್ಲಿ ಅದಕ್ಕೆ ಕಾನೂನಿನ ರೂಪ ಕೊಟ್ಟರು. ಊರಿನ ದೇವರು ಬದಲಾದರೂ ಒಡ್ಡಿನ ಲೆಕ್ಕ ಬದಲಾಗಲಿಲ್ಲ. ಕುಂಭಾರಜುವೆ ಕಾಲುವೆಯಲ್ಲಿ ಮೊಸಳೆಗಳಿವೆ. ಆ ಸುತ್ತಿನ ಕೆಲವು ಹಳ್ಳಿಗಳಲ್ಲಿ ಪುಷ್ಯ ಮಾಸದ ಅಮಾವಾಸ್ಯೆಯಂದು ಖಾಜನ್ ಗದ್ದೆಯ ಕೆಸರಿನಿಂದಲೇ ಮೊಸಳೆಯ ಆಕೃತಿ ಮಾಡಿ ಪೂಜಿಸುವ ‘ಮಾಂಗೆ ಥಾಪ್ನಿ’ ಎಂಬ ಆಚರಣೆ ಇದೆ. ಒಡ್ಡನ್ನೂ ಗದ್ದೆಗಿಳಿಯುವವರನ್ನೂ ಮೊಸಳೆ ಕಾಯಲಿ ಎಂಬುದು ಅದರ ಆಶಯ. ಇಂದು ಬೇಸಾಯ ಬಿಟ್ಟ ಕಡೆ ತೂಬಿನ ಕದ ಕೊಳೆತು, ಮೀನಿನ ಲಾಭಕ್ಕಾಗಿ ಬೇಕೆಂದೇ ಉಪ್ಪುನೀರು ಒಳಗೆ ಬಿಟ್ಟು ಗದ್ದೆ ಹಾಳಾದ ಉದಾಹರಣೆಗಳು ಬೇಕಾದಷ್ಟಿವೆ. ಬೀಚಿನ ಬಗ್ಗೆ ಬರೆಯುವಷ್ಟು ಜನ ಈ ಒಡ್ಡುಗಳ ಬಗ್ಗೆ ಬರೆದಿದ್ದರೆ ಪರಿಸ್ಥಿತಿ ಸ್ವಲ್ಪ ಬೇರೆ ಇರುತ್ತಿತ್ತೇನೋ.

ಚರಿತ್ರೆಯ ಮೊದಲ ಗುರುತುಗಳೂ ಸಿಗುವುದು ಒಳನಾಡಿನಲ್ಲೇ. ಕುಶಾವತಿ ನದಿಯ ದಂಡೆಯ ಉಸಗಳಿಮಳದಲ್ಲಿ ಜಂಬಿಟ್ಟಿಗೆಯ ಹಾಸುಬಂಡೆಯ ಮೇಲೆ ಗೂಳಿ, ಜಿಂಕೆ, ನವಿಲು, ಸುತ್ತುಸುತ್ತಾಗಿ ಒಳಗೆ ಸಾಗುವ ಚಕ್ರವ್ಯೂಹದಂಥ ರೇಖೆಗಳನ್ನು ಇತಿಹಾಸಪೂರ್ವ ಕಾಲದ ಜನ ಕೊರೆದಿಟ್ಟಿದ್ದಾರೆ. ಭೋಜರೆಂಬ ಹಳೆಯ ರಾಜವಂಶದ ಕಾಲದಿಂದಲೂ ರಾಜಧಾನಿಯಾಗಿದ್ದ ಚಂದ್ರಪುರ, ಅಂದರೆ ಈಗಿನ ಚಾಂದೋರ್, ಅದೇ ಕುಶಾವತಿಯ ದಡದಲ್ಲಿದೆ. ಹನ್ನೊಂದನೆಯ ಶತಮಾನದಲ್ಲಿ ಗೋವೆಯ ಕದಂಬರು ಇಲ್ಲಿಂದ ಆಳಿದರು. ಮೊದಲನೆಯ ಜಯಕೇಶಿಯ ಕಾಲಕ್ಕೆ ರಾಜಧಾನಿ ಜುವಾರಿ ದಂಡೆಯ ಗೋಪಕಪಟ್ಟಣಕ್ಕೆ ಹೋಯಿತು. ಕನ್ನಡಿಗರಿಗೆ ಈ ವಂಶ ದೂರದ್ದಲ್ಲ. ಖಾನಾಪುರ ತಾಲ್ಲೂಕಿನ ಹಲಸಿ ಇವರ ಎರಡನೆಯ ರಾಜಧಾನಿ. ಎರಡನೆಯ ಜಯಕೇಶಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಲದೇವಿಯ ಕೈಹಿಡಿದವನು. ಕಿತ್ತೂರಿನ ಸಮೀಪದ ದೇಗಾಂವದಲ್ಲಿ ಕಮಲನಾರಾಯಣ ದೇವಾಲಯ ಕಟ್ಟಿಸಿದ ಕಮಲಾದೇವಿ ಈ ವಂಶದ ಪೆರ್ಮಾಡಿದೇವನ ರಾಣಿ. ಅವರ ನಾಣ್ಯಗಳ ಮೇಲೆ ಸಿಂಹದ ಗುರುತಿನೊಂದಿಗೆ ಸಪ್ತಕೋಟೀಶ್ವರನ ವರಪ್ರಸಾದ ಪಡೆದವರೆಂಬ ಬಿರುದು ಇರುತ್ತಿತ್ತು. ಇಂದು ಗೋವಾದ ಸರ್ಕಾರಿ ಬಸ್ಸುಗಳ ಹೆಸರೇ ‘ಕದಂಬ’. ಬನವಾಸಿಯ ನಾಡಿನಲ್ಲಿ ಯಾವ ಬಸ್ಸಿಗೂ ಸಿಗದ ಗೌರವ ಅದು.

ಕದಂಬರ ಕಾಲದ ಗುಡಿಗಳಲ್ಲಿ ಹೆಚ್ಚು ಕಡಿಮೆ ಇಡಿಯಾಗಿ ಉಳಿದಿರುವುದು ತಾಂಬಡಿ ಸುರ್ಲಾದ ಮಹಾದೇವ ದೇವಾಲಯ. ಮೊಲ್ಲೆಂ ಕಾಡಿನ ಒಳಗೆ, ಹಳ್ಳದ ದಂಡೆಯಲ್ಲಿ, ಕರಿಕಲ್ಲಿನಲ್ಲಿ ಕಟ್ಟಿದ ಈ ಚಿಕ್ಕ ಗುಡಿಯ ಕಂಬಗಳನ್ನೂ ತಾವರೆಯ ಛಾವಣಿಯನ್ನೂ ಕಂಡರೆ ಧಾರವಾಡ, ಬೆಳಗಾವಿ ಸೀಮೆಯ ಗುಡಿಗಳ ಪರಿಚಯವಿದ್ದವರಿಗೆ ತಕ್ಷಣ ನಂಟು ಹೊಳೆಯುತ್ತದೆ. ಸುತ್ತ ಸಿಗುವುದೆಲ್ಲ ಜಂಬಿಟ್ಟಿಗೆ. ಈ ಕರಿಕಲ್ಲನ್ನು ಘಟ್ಟದ ಮೇಲಿಂದ ಹೊತ್ತು ತಂದಿರಬೇಕು ಎಂಬುದು ಸಾಮಾನ್ಯ ಅಭಿಪ್ರಾಯ. ಕರಾವಳಿಯ ಗುಡಿಗಳು ಹಾಳಾದಾಗ ಇದು ಉಳಿದದ್ದು ಕಾಡಿನ ಮರೆಯಲ್ಲಿದ್ದ ಕಾರಣಕ್ಕೆ.

ಕದಂಬರ ಆನಂತರ ಬಹಮನಿಗಳು, ವಿಜಯನಗರದವರು, ಮತ್ತೆ 1472ರಲ್ಲಿ ಮಹಮೂದ್ ಗವಾನನ ಮೂಲಕ ಬಹಮನಿಗಳು, ಅವರ ರಾಜ್ಯ ಒಡೆದಾಗ ವಿಜಯಪುರದ ಆದಿಲ್‌ಶಾಹಿಗಳು ಗೋವೆಯನ್ನು ಹಿಡಿದರು. ಎಲ್ಲರಿಗೂ ಬೇಕಾಗಿದ್ದದ್ದು ಬಂದರು. ಅರಬ್ಬೀ ಕುದುರೆಗಳು ಇಳಿಯುತ್ತಿದ್ದದ್ದು ಇಲ್ಲಿ, ಮತ್ತು ಕುದುರೆ ಯಾರ ಕೈಗೆ ಬರುತ್ತದೆಯೋ ಘಟ್ಟದ ಮೇಲಿನ ಯುದ್ಧದಲ್ಲಿ ಅವರ ಕೈ ಮೇಲಾಗುತ್ತಿತ್ತು. ಜುವಾರಿಯ ಗೋಪಕಪಟ್ಟಣ ಹೂಳು ತುಂಬಿ ಸೊರಗಿದ ಮೇಲೆ ಮಾಂಡವಿ ದಂಡೆಯ ಎಲಾ ಎಂಬ ಊರು ಬೆಳೆಯಿತು. 1510ರಲ್ಲಿ ಪೋರ್ಚುಗೀಸ್ ನಾಯಕ ಅಫೊನ್ಸೊ ಡಿ ಅಲ್ಬುಕರ್ಕ್ ಇದರ ಮೇಲೆ ಬಿದ್ದದ್ದು ಹೊನ್ನಾವರದ ನೌಕಾನಾಯಕ ತಿಮ್ಮಯ್ಯನ ಪ್ರೇರಣೆಯಿಂದ. ವರ್ಷದ ಆರಂಭದಲ್ಲಿ ಹಿಡಿದ ಊರನ್ನು ಮೇ ತಿಂಗಳಲ್ಲಿ ಆದಿಲ್‌ಶಾಹಿ ಸೈನ್ಯ ಬಿಡಿಸಿಕೊಂಡಿತು. ನವೆಂಬರ್ 25ರಂದು ಅಲ್ಬುಕರ್ಕ್ ಮತ್ತೆ ವಶಪಡಿಸಿಕೊಂಡ. ಆಮೇಲೆ 1961ರವರೆಗೆ ಅದು ಪೋರ್ಚುಗೀಸರ ಕೈಯಲ್ಲೇ ಇತ್ತು.

ಇಲ್ಲಿಂದ ಮುಂದೆ ‘ಗೋವಾ 450 ವರ್ಷ ಪೋರ್ಚುಗೀಸರ ವಶದಲ್ಲಿತ್ತು’ ಎಂಬ ಮಾತು ಬರುತ್ತದೆ. ಅದು ರಾಜ್ಯದ ಕಾಲುಭಾಗಕ್ಕಷ್ಟೇ ಹೊಂದುವ ಮಾತು. ಮೊದಲು ಅವರ ಕೈಗೆ ಬಂದದ್ದು ತಿಸವಾಡಿ. 1543ರಲ್ಲಿ ಬಾರ್ದೇಸ ಮತ್ತು ಸಾಸಷ್ಟಿ ಸೇರಿದವು. ಆಗಿನ ಸಾಸಷ್ಟಿಯಲ್ಲಿ ಇಂದಿನ ಮುರಗಾಂವ ಕೂಡ ಇತ್ತು. ಈ ಕಡಲಂಚಿನ ತಾಲ್ಲೂಕುಗಳಿಗೆ ಹಳೆಯ ಗೆಲುವುಗಳು ಎಂಬ ಹೆಸರಿದೆ. ಘಟ್ಟದ ಕಡೆಯ ಉಳಿದ ನೆಲ, ಅಂದರೆ ಫೋಂಡಾ, ಸಾಂಗೆ, ಕೇಪೆ, ಕಾಣಕೋಣ, ಡಿಚೋಲಿ, ಸತ್ತರಿ, ಪೇಡ್ನೆ, ಇವೆಲ್ಲ ಹೊಸ ಗೆಲುವುಗಳು; ಇವು ಸೇರಿದ್ದು 1763ರಿಂದ 1788ರ ನಡುವೆ. ಎರಡರ ನಡುವಿನ ಅಂತರ ಇನ್ನೂರು ವರ್ಷಕ್ಕೂ ಹೆಚ್ಚು. ಇಷ್ಟರೊಳಗೆ ಕರಾವಳಿಯಲ್ಲಿ ನಡೆಯಬೇಕಾದ್ದೆಲ್ಲ ನಡೆದುಹೋಗಿತ್ತು.

ನಡೆದದ್ದು ಏನೆಂದರೆ, 1540ರ ದಶಕದಿಂದ ತಿಸವಾಡಿಯಲ್ಲೂ ಆಮೇಲೆ ಬಾರ್ದೇಸ, ಸಾಸಷ್ಟಿಗಳಲ್ಲೂ ದೇವಾಲಯಗಳನ್ನು ಕೆಡವಲಾಯಿತು. 1567ರಲ್ಲಿ ಸಾಸಷ್ಟಿಯ ಗುಡಿಗಳ ಮೇಲೆ ನಡೆದ ದಾಳಿ ದೊಡ್ಡದು. 1560ರಲ್ಲಿ ಸ್ಥಾಪನೆಯಾದ ಮತವಿಚಾರಣೆಯ ನ್ಯಾಯಾಲಯ, ಅಂದರೆ ಇನ್‌ಕ್ವಿಸಿಷನ್, ನಡುವೆ ಕೆಲವು ವರ್ಷ ನಿಂತಿದ್ದನ್ನು ಬಿಟ್ಟರೆ 1812ರವರೆಗೆ ಮುಂದುವರಿಯಿತು. ಊರು ಬಿಡುವವರು ಮೂರ್ತಿಗಳನ್ನು ದೋಣಿಯಲ್ಲಿ ನದಿ ದಾಟಿಸಿದರು. ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ, ಕೆಳಶಿಯ ಶಾಂತಾದುರ್ಗೆ ಕವಳೆಗೆ, ವೇರ್ಣೆಯ ಮ್ಹಾಳಸಾ ಮಾರ್ದೋಳಕ್ಕೆ ಬಂದರು. ಇವೆಲ್ಲ ಫೋಂಡಾ ಸೀಮೆಯ ಊರುಗಳು. ಆ ಸೀಮೆ ಆಗ ವಿಜಯಪುರದ ಆದಿಲ್‌ಶಾಹಿಗಳದು. ಕರಾವಳಿಯ ಹಿಂದೂ ದೇವರುಗಳಿಗೆ ಆಶ್ರಯ ಸಿಕ್ಕಿದ್ದು ಒಬ್ಬ ಮುಸ್ಲಿಂ ಸುಲ್ತಾನನ ನೆಲದಲ್ಲಿ ಎಂಬ ಸಂಗತಿಯನ್ನು ಈಗಿನ ಚರ್ಚೆಗಳಲ್ಲಿ ಯಾರೂ ಹೆಚ್ಚಾಗಿ ಎತ್ತುವುದಿಲ್ಲ. ಕದಂಬರ ಸಪ್ತಕೋಟೀಶ್ವರ ದಿವಾಡಿ ದ್ವೀಪದಿಂದ ನದಿ ದಾಟಿ ಡಿಚೋಲಿಯ ನಾರ್ವೆಗೆ ಹೋದ. ಆ ಗುಡಿಯನ್ನು 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದವನು ಶಿವಾಜಿ. ಜನ ಇನ್ನೂ ದೂರ ಹೋದರು. ಅಂಕೋಲಾ, ಕುಮಟಾ, ಕುಂದಾಪುರ, ಮಂಗಳೂರುಗಳಲ್ಲಿ ನೆಲೆಸಿದ ಸಾರಸ್ವತ ಕುಟುಂಬಗಳು ಇಂದಿಗೂ ವರ್ಷಕ್ಕೊಮ್ಮೆಯಾದರೂ ಕುಲದೇವರಿಗೆಂದು ಫೋಂಡಾಕ್ಕೆ ಹೋಗುವುದು ಇದೇ ಕಾರಣಕ್ಕೆ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಹಿರಿಯರೂ ಯುದ್ಧ, ಬರ, ತೆರಿಗೆ, ವಿಚಾರಣೆಗಳಿಂದ ಬೇಸತ್ತು ಗೋವಾ ಬಿಟ್ಟವರೇ.

ಹೊಸ ಗೆಲುವುಗಳ ಕಥೆಯಲ್ಲಿ ನಮ್ಮ ಶಿರಸಿ ಸೀಮೆ ಬರುತ್ತದೆ. ಫೋಂಡಾದಿಂದ ಕಾಣಕೋಣದವರೆಗಿನ ನೆಲ ಹದಿನೆಂಟನೆಯ ಶತಮಾನದ ಹೊತ್ತಿಗೆ ಸೋದೆ ಅರಸರಿಗೆ ಸೇರಿತ್ತು. ಹೈದರಲಿಯ ಸೈನ್ಯ 1763ರಲ್ಲಿ ಸೋದೆಯ ಮೇಲೆ ಬಂದಾಗ ಅರಸ ಘಟ್ಟವಿಳಿದು ಪೋರ್ಚುಗೀಸರ ಆಶ್ರಯ ಪಡೆದ; ಅವನ ಕೆಳಘಟ್ಟದ ಪ್ರದೇಶಗಳನ್ನು ರಕ್ಷಿಸುವ ನೆಪದಲ್ಲಿ ಅವರು ಹಿಡಿದುಕೊಂಡು, 1791ರ ಒಪ್ಪಂದದಲ್ಲಿ ಖಾಯಂ ಮಾಡಿಕೊಂಡರು. ಸೋದೆಯ ಮನೆತನ ಫೋಂಡಾ ಬಳಿಯ ಬಾಂದಿವಡೆಯಲ್ಲಿ ನೆಲೆಸಿತು. ಡಿಚೋಲಿ, ಸತ್ತರಿ, ಪೇಡ್ನೆಗಳು ಸಾವಂತವಾಡಿಯ ಭೋಸಲೆಗಳಿಂದ ಬಂದವು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಹೊಸ ಪ್ರಜೆಗಳ ಗುಡಿಗಳನ್ನೂ ಆಚಾರಗಳನ್ನೂ ಮುಟ್ಟುವುದಿಲ್ಲ ಎಂದು ಪೋರ್ಚುಗೀಸರು ಮಾತು ಕೊಟ್ಟರು. ಇಂದು ಮಡಗಾಂವ ಸುತ್ತ ಪ್ರತಿ ಊರಿನಲ್ಲೂ ಬಿಳಿ ಇಗರ್ಜಿ, ಅಂದರೆ ಚರ್ಚು, ಎದ್ದು ಕಂಡರೆ, ಫೋಂಡಾ, ಸತ್ತರಿಗಳಲ್ಲಿ ದೀಪಸ್ತಂಭದ ದೇವಾಲಯಗಳು ಕಾಣುವುದಕ್ಕೆ ಇದೇ ಮೂಲ. ಎರಡೂ ಕಡೆಯ ಕಟ್ಟಡಗಳನ್ನು ಒಟ್ಟಿಗೆ ನೋಡಿದಾಗ ಇನ್ನೊಂದು ಸಂಗತಿ ತಿಳಿಯುತ್ತದೆ: 1738ರ ಸುಮಾರಿಗೆ ಮತ್ತೆ ಕಟ್ಟಿದ ಕವಳೆಯ ಗುಡಿಯ ಗುಮ್ಮಟ, ಕಮಾನಿನ ಕಿಟಕಿ, ಒಳಗಿನ ತೂಗುದೀಪಗಳಲ್ಲಿ ಇಗರ್ಜಿ ಕಟ್ಟುವವರ ಕೈಗುಣವೇ ಇದೆ.

ಇನ್ನು ಊರುಗಳು. ಆದಿಲ್‌ಶಾಹಿಗಳ ಎಲಾ ಪೋರ್ಚುಗೀಸರ ಕೈಯಲ್ಲಿ ಏಷ್ಯಾದ ಅವರ ಸಾಮ್ರಾಜ್ಯದ ರಾಜಧಾನಿಯಾಯಿತು. ಅದೇ ಇಂದಿನ ಹಳೆ ಗೋವಾ. 1556ರಲ್ಲಿ ಇಲ್ಲಿ ಅಚ್ಚಿನ ಯಂತ್ರ ಬಂತು, ಭಾರತದ ಮೊದಲ ಮುದ್ರಣಾಲಯ ಅದು. 1605ರಲ್ಲಿ ಪೂರ್ಣಗೊಂಡ ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪಾರ್ಥಿವ ಅವಶೇಷವಿದ್ದು, ಹತ್ತು ವರ್ಷಕ್ಕೊಮ್ಮೆ ಸಾರ್ವಜನಿಕ ದರ್ಶನಕ್ಕಿಡುತ್ತಾರೆ; ಕಳೆದ ಬಾರಿ ಇಟ್ಟದ್ದು 2024ರ ನವೆಂಬರ್‌ನಿಂದ 2025ರ ಜನವರಿವರೆಗೆ. ಗಾರೆ ತೆಗೆದ ಅದರ ಜಂಬಿಟ್ಟಿಗೆಯ ಹೊರಗೋಡೆ ಮಳೆಗಾಲದಲ್ಲಿ ಹಾವಸೆ ಹಿಡಿದು ಕಪ್ಪಾಗುತ್ತದೆ. ಈ ಶಹರ ಸತ್ತದ್ದು ಯುದ್ಧದಿಂದಲ್ಲ, ರೋಗದಿಂದ. ಕಾಲರಾ, ಮಲೇರಿಯಾಗಳು ಮತ್ತೆ ಮತ್ತೆ ಬಂದು ಜನ ಊರು ಬಿಟ್ಟರು. ವೈಸ್‌ರಾಯ್ 1759ರಲ್ಲಿ ನಿವಾಸವನ್ನು ಪಣಜಿಗೆ ಬದಲಿಸಿದ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಹಳೆ ಗೋವಾದ ಇಗರ್ಜಿಗಳು 1986ರಿಂದ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯಲ್ಲಿವೆ.

ಪಣಜಿ ರಾಜಧಾನಿ ಎನ್ನುವುದಕ್ಕಿಂತ ದೊಡ್ಡ ಪಟ್ಟಣ ಎನ್ನಬೇಕಾದ ಊರು. ಮಾಂಡವಿ ದಡದ ಹಳೆಯ ಸಚಿವಾಲಯ ಮೂಲತಃ ಆದಿಲ್‌ಶಾಹನ ಅರಮನೆ. ಹೆಸರೂ ಹಾಗೇ ‘ಇದಲ್ಕಾಂವ್’ ಎಂದು ಉಳಿದಿದೆ. ಔರೆಂ ತೊರೆಯ ಬದಿಯ ಫೊಂತೇನ್ಯಾಸ್ ಬಡಾವಣೆಯ ಹಳದಿ, ನೀಲಿ, ಕೆಂಪು ಗೋಡೆಗಳ ಮುಂದೆ ಈಗ ಫೋಟೊ ತೆಗೆಸಿಕೊಳ್ಳುವವರ ಗಲಾಟೆ ಎಷ್ಟಾಗಿದೆಯೆಂದರೆ ಅಲ್ಲಿ ವಾಸಿಸುವವರು ಬೇಸರಪಡುವುದು ಸಹಜ. ಅದರ ಬದಲು ಹಳೆಯ ಮನೆಗಳ ಕಿಟಕಿಗಳನ್ನು ಹತ್ತಿರದಿಂದ ನೋಡಬಹುದು: ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಚಪ್ಪಟೆಯಾದ ಕಪ್ಪೆಚಿಪ್ಪುಗಳನ್ನು ಚೌಕಾಕಾರಕ್ಕೆ ಕತ್ತರಿಸಿ ಮರದ ಚೌಕಟ್ಟಿಗೆ ಸೇರಿಸುತ್ತಿದ್ದರು, ಬೆಳಕು ಅದರೊಳಗಿಂದ ಹಾಲಿನ ಬಣ್ಣದಲ್ಲಿ ಬರುತ್ತದೆ, ಬಿಸಿಲು ಬರುವುದಿಲ್ಲ. ಮಡಗಾಂವ ದಕ್ಷಿಣದ ವ್ಯಾಪಾರದ ಊರು, ಕೊಂಕಣ ರೈಲ್ವೆಯ ದೊಡ್ಡ ನಿಲ್ದಾಣ. ಮಾಪುಸಾದಲ್ಲಿ ಶುಕ್ರವಾರದ ಸಂತೆ. ವಾಸ್ಕೋ ಬಂದರು ಮತ್ತು ರೈಲಿನಿಂದ ಬೆಳೆದದ್ದು. 1878ರ ಒಪ್ಪಂದದ ಪ್ರಕಾರ ಬ್ರಿಟಿಷ್ ಬಂಡವಾಳದಿಂದ ಮುರಗಾಂವ ಬಂದರಿಗೂ ಘಟ್ಟಕ್ಕೂ ರೈಲುದಾರಿ ಬಿತ್ತು. ಪ್ರತಿಯಾಗಿ ಗೋವಾದ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರಿಗೆ ಹೋಗಿ ಉಪ್ಪಿನ ಆಗರಗಳು ನೆಲಕಚ್ಚಿದವು. ವಾಸ್ಕೋದ ಬಾಯಣಾ, ಜುವಾರಿನಗರಗಳಲ್ಲಿ ಉತ್ತರ ಕರ್ನಾಟಕದ ಕೂಲಿಕಾರರು ಎರಡು ಮೂರು ತಲೆಮಾರಿನಿಂದ ಇದ್ದಾರೆ. ಗೋವಾದ ರಸ್ತೆ, ಕಟ್ಟಡಗಳಲ್ಲಿ ಅವರ ಬೆವರಿದೆ. ಸ್ಥಳೀಯರು ಅವರನ್ನು ‘ಘಾಟಿ’ ಎಂದು ಹೀಗಳೆಯುವುದೂ ಇದೆ. ಅದೇ ಸ್ಥಳೀಯರ ಅಡುಗೆಮನೆಗೆ ಬರುವ ತರಕಾರಿಯ ದೊಡ್ಡ ಪಾಲು ಬೆಳಗಾವಿಯದು.

1946ರ ಜೂನ್ 18ರಂದು ಮಡಗಾಂವದಲ್ಲಿ ರಾಮಮನೋಹರ ಲೋಹಿಯಾ ನಿಷೇಧ ಮುರಿದು ಸಭೆ ನಡೆಸಿದಲ್ಲಿಂದ ವಿಮೋಚನೆಯ ಹೊಸ ಹಂತ ಶುರುವಾಯಿತು. ಕೊನೆಗೆ 1961ರ ಡಿಸೆಂಬರ್ 18 ಮತ್ತು 19ರ ಸೈನಿಕ ಕಾರ್ಯಾಚರಣೆಯಲ್ಲಿ ಪೋರ್ಚುಗೀಸರು ಶರಣಾದರು. ಕುತೂಹಲದ ಘಟ್ಟ ಅದರ ಮುಂದಿನದು. ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆ ಎಂದು 1967ರ ಜನವರಿ 16ರಂದು ಜನಮತ ಕೇಳಲಾಯಿತು. ಸ್ವತಂತ್ರ ಭಾರತದಲ್ಲಿ ಒಂದು ಪ್ರದೇಶದ ವಿಲೀನದ ಬಗ್ಗೆ ಇಂಥ ಮತದಾನ ನಡೆದದ್ದು ತೀರ ಅಪರೂಪ. ಬೇರೆಯಾಗಿ ಇರಬೇಕೆಂದವರು 1,72,191, ಸೇರಬೇಕೆಂದವರು 1,38,170, ಅಂತರ 34,021. ಹಳೆಯ ಗೆಲುವುಗಳು ಪ್ರತ್ಯೇಕತೆಯ ಕಡೆ, ಹೊಸ ಗೆಲುವುಗಳಲ್ಲಿ ಹೆಚ್ಚಿನವು ವಿಲೀನದ ಕಡೆ ವಾಲಿದವು. ಹದಿನೆಂಟನೆಯ ಶತಮಾನದ ಗೆರೆ ಮತಪತ್ರದಲ್ಲಿ ಮತ್ತೆ ಮೂಡಿತು. ಕೊಂಕಣಿ 1987ರ ಫೆಬ್ರವರಿಯಲ್ಲಿ ರಾಜಭಾಷೆಯಾಯಿತು, ಅದೇ ವರ್ಷ ಮೇ 30ರಂದು ಗೋವಾ ದೇಶದ 25ನೆಯ ರಾಜ್ಯವಾಯಿತು. ಪೋರ್ಚುಗೀಸ್ ಕಾಲದ ನಾಗರಿಕ ಸಂಹಿತೆ ಮಾತ್ರ ಎಲ್ಲ ಧರ್ಮದವರಿಗೂ ಮುಂದುವರಿಯಿತು. ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಗೆ ಆಸ್ತಿಯಲ್ಲಿ ಸಮಪಾಲು ಎಂಬುದು ಅದರ ಮುಖ್ಯ ನಿಯಮಗಳಲ್ಲೊಂದು.

ಪ್ರವಾಸೋದ್ಯಮ ಕರಾವಳಿಯನ್ನು ಬದಲಿಸಿದಂತೆ ಗಣಿಗಾರಿಕೆ ಒಳನಾಡನ್ನು ಬದಲಿಸಿತು. ಡಿಚೋಲಿ, ಸತ್ತರಿ, ಸಾಂಗೆಗಳ ಕಬ್ಬಿಣದ ಅದಿರು ಎರಡನೆಯ ಮಹಾಯುದ್ಧದ ಆನಂತರ ಜಪಾನಿಗೆ, ಈ ಶತಮಾನದಲ್ಲಿ ಚೀನಾಕ್ಕೆ ಹೋಯಿತು. ಲಾರಿಯಲ್ಲಿ ನದಿದಂಡೆಗೆ, ಅಲ್ಲಿಂದ ಬಾರ್ಜಿನಲ್ಲಿ ಮುರಗಾಂವಕ್ಕೆ ಸಾಗುವ ಈ ವ್ಯವಸ್ಥೆ ಉತ್ತುಂಗದಲ್ಲಿದ್ದಾಗ ವರ್ಷಕ್ಕೆ 5 ಕೋಟಿ ಟನ್ ಆಸುಪಾಸಿನ ರಫ್ತು ಆಗುತ್ತಿತ್ತು. ಬಳ್ಳಾರಿಯಲ್ಲಿ ಕಂಡದ್ದೇ ಇಲ್ಲೂ ಕಂಡಿತು: ಕೆಂಪು ಧೂಳು, ಬತ್ತಿದ ಬಾವಿ, ಗದ್ದೆಗೆ ಇಳಿದ ಹೂಳು, ಅಕ್ರಮದ ಆರೋಪ, ಆಯೋಗ. ಸುಪ್ರೀಂ ಕೋರ್ಟ್ 2012ರ ಅಕ್ಟೋಬರಿನಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ನವೀಕರಿಸಿದ 88 ಗುತ್ತಿಗೆಗಳನ್ನು 2018ರಲ್ಲಿ ರದ್ದುಮಾಡಿತು. 2020ರಲ್ಲಿ ಮೊಲ್ಲೆಂ ಕಾಡಿನ ಮೂಲಕ ರೈಲು ಜೋಡಿಹಳಿ, ಹೆದ್ದಾರಿ ಅಗಲೀಕರಣ, ವಿದ್ಯುತ್ ಮಾರ್ಗ ಎಂಬ ಮೂರು ಯೋಜನೆಗಳು ಬಂದಾಗ ಗೋವಾದ ಯುವಕರು ದೊಡ್ಡ ಪ್ರತಿಭಟನೆ ನಡೆಸಿದರು. ಬಂದರಿನಿಂದ ಕರ್ನಾಟಕದ ಉಕ್ಕಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಸಾಗಿಸಲೆಂದೇ ಜೋಡಿಹಳಿ ಎಂಬುದು ಅವರ ವಾದ. ಅದಕ್ಕೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತೆಗೆದುಹಾಕಿತು.

ಮಹದಾಯಿ ವಿವಾದವನ್ನು ನಾವು ನಮ್ಮ ಕಡೆಯಿಂದ ಮಾತ್ರ ಕೇಳಿ ಬಲ್ಲೆವು. ಹುಬ್ಬಳ್ಳಿ, ಧಾರವಾಡ, ನರಗುಂದ, ನವಲಗುಂದಗಳಿಗೆ ನೀರಿನ ಅಗತ್ಯ ನಿಜ. 2018ರ ತೀರ್ಪಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಹಂಚಿತು. ಗೋವಾದವರ ಆತಂಕ ಇರುವುದು ಅಳಿವೆಯಲ್ಲಿ: ಮೇಲಿನಿಂದ ಸಿಹಿನೀರು ಕಡಿಮೆಯಾದಷ್ಟೂ ಸಮುದ್ರದ ಉಪ್ಪು ಒಳಕ್ಕೆ ಸರಿದು ಖಾಜನ್ ಗದ್ದೆಗಳನ್ನೂ ಕುಡಿಯುವ ನೀರಿನ ಮೂಲಗಳನ್ನೂ ಮುಟ್ಟುತ್ತದೆ ಎಂಬುದು ಅವರ ಲೆಕ್ಕ. ಆದರೆ ನೀರಿಗಾಗಿ ಕಾಡನ್ನು ಮುಂದಿಡುವ ಗೋವಾ ಸರ್ಕಾರ ಹುಲಿಯ ವಿಷಯದಲ್ಲಿ ಬೇರೆ ಮಾತಾಡುತ್ತದೆ ಎಂಬುದನ್ನೂ ಗಮನಿಸಬೇಕು. 2020ರ ಜನವರಿಯಲ್ಲಿ ಮ್ಹಾದೆಯಿ ಧಾಮದಲ್ಲಿ ಒಂದು ತಾಯಿಹುಲಿ ಮತ್ತು ಅದರ ಮರಿಗಳು ಸೇರಿ ನಾಲ್ಕು ಹುಲಿಗಳು ವಿಷದಿಂದ ಸತ್ತವು. ಈ ಕಾಡುಗಳನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಮೂರು ತಿಂಗಳಲ್ಲಿ ಘೋಷಿಸಬೇಕೆಂದು 2023ರ ಜುಲೈಯಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಹೇಳಿದಾಗ, ರಾಜ್ಯ ಸರ್ಕಾರ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು.

ಹಾಗಾದರೆ ಬೀಚಿನಾಚೆ ನೋಡಬೇಕಾದ್ದು ಏನು ಎಂದು ಕೇಳುವವರಿಗೆ ಘಟ್ಟದಿಂದಲೇ ಶುರುಮಾಡಿ ಎನ್ನಬಹುದು. ಅನ್ಮೋಡ ಘಟ್ಟವಿಳಿದರೆ ಮೊಲ್ಲೆಂ, ತಾಂಬಡಿ ಸುರ್ಲಾ. ಚೋರ್ಲಾ ಘಟ್ಟವಿಳಿದರೆ ಸತ್ತರಿ. ಸತ್ತರಿಯ ಬಾಂಬರ್‌ನಲ್ಲಿ ನಿರಂಕಾರನ ರಾಯಿ ಎಂಬ ದೇವರಕಾಡಿದ್ದು, ಕಾಡುಜಾಯಿಕಾಯಿ ಜಾತಿಯ ಮರಗಳ ಬೇರುಗಳು ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದು ಉಸಿರಾಡುವ ಅಪರೂಪದ ಜೌಗು ಅಲ್ಲಿದೆ. ಮಾರ್ಚ್‌ನಿಂದ ಮೇ ನಡುವೆ ಹೋದವರಿಗೆ ಈ ಹಾದಿಯುದ್ದಕ್ಕೂ ಗೋಡಂಬಿ ಹಣ್ಣಿನ ವಾಸನೆ. ಮರದಿಂದ ತಾನಾಗಿ ಉದುರಿದ ಹಣ್ಣನ್ನು ಬೀಜ ಬಿಡಿಸಿ, ಕೊಳಂಬಿ ಎಂಬ ಬಂಡೆಯ ತೊಟ್ಟಿಯಲ್ಲಿ ತುಳಿದು, ರಸ ಹುಳಿಬಂದ ಮೇಲೆ ಭಟ್ಟಿಗೆ ಏರಿಸುತ್ತಾರೆ. ಮೊದಲ ಬಟ್ಟಿಯದು ಹುರಾಕ್, ಎರಡನೆಯದು ಫೆನಿ. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಮರಕ್ಕೆ ಗೋವಾದವರು ಕಂಡುಕೊಂಡ ಉಪಯೋಗ ಇದು. 2009ರಲ್ಲಿ ಗೋಡಂಬಿ ಫೆನಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಫೋಂಡಾದ ಗುಡಿಗಳನ್ನು ನೋಡಿಕೊಂಡು ಹಳೆ ಗೋವಾಕ್ಕೆ ಬಂದು, ಅಲ್ಲಿನ ಧಕ್ಕೆಯಿಂದ ಫೆರ್ರಿ ಹಿಡಿದು ದಿವಾಡಿಗೂ, ದಿವಾಡಿಯ ಇನ್ನೊಂದು ತುದಿಯಿಂದ ಮತ್ತೆ ಫೆರ್ರಿಯಲ್ಲಿ ನಾರ್ವೆಗೂ ದಾಟಿದರೆ, ಸಪ್ತಕೋಟೀಶ್ವರ ಹೋದ ದಾರಿಯಲ್ಲೇ ಹೋದಂತಾಗುತ್ತದೆ. ಮಳೆಗಾಲ ಇದಕ್ಕೆಲ್ಲ ಒಳ್ಳೆಯ ಕಾಲ. ಜೂನ್ 24ರ ಸಾಂವ್ ಜಾಂವ್ ಹಬ್ಬದಂದು ತಲೆಗೆ ಹೂಬಳ್ಳಿಯ ಕಿರೀಟ ಕಟ್ಟಿಕೊಂಡ ಜನ ತುಂಬಿದ ಬಾವಿಗಳಿಗೆ ಹಾರುವುದನ್ನೂ ಕಾಣಬಹುದು. ಹೋಟೆಲಿನ ದರ ಅರ್ಧಕ್ಕಿಳಿದಿರುತ್ತದೆ. ದೂಧಸಾಗರದ ಜೀಪುಗಳು ಮಾತ್ರ ಮಳೆ ನಿಂತ ಮೇಲೆಯೇ ಓಡುತ್ತವೆ. ರೈಲು ಹಳಿಯ ಮೇಲೆ ನಡೆದು ಹೋಗುವುದು ಅಪರಾಧ, ಅದಕ್ಕಾಗಿ ಪ್ರತಿ ಮಳೆಗಾಲ ರೈಲ್ವೆ ಪೊಲೀಸರು ನಮ್ಮ ಕಡೆಯ ಹುಡುಗರನ್ನೇ ಹೆಚ್ಚಾಗಿ ಹಿಡಿಯುತ್ತಾರೆ.